ಬ್ಯಾಗಾಚಾರ್ಯರು

ಮೆಜೆಸ್ಟಿಕ್ಕಿನಲ್ಲೋ ಮೆಟ್ರೋ ಸಾಲಿನಲ್ಲೋ ನಿಂತಿದ್ದಾಗ ಹಿಂದಿನಿಂದ ಯಾರೋ ನಿಮ್ಮ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದರೆ ಗಾಬರಿಯಾಗಬೇಡಿ. ಜೇಬುಗಳ್ಳರು ಅಷ್ಟು ಧೈರ್ಯವಾಗಿ ಜಗ್ಗುವುದಿಲ್ಲ. "ಕ್ಷಮಿಸಿ ಸಾರ್, ಭಾರವೆಲ್ಲ ಕೆಳಗೆ ಜೋತು ಬಿದ್ದಿದೆ. ಹೀಗೇ ಹಾಕ್ಕೊಂಡು ಓಡಾಡಿದ್ರೆ ಐವತ್ತಕ್ಕೆಲ್ಲ ಬೆನ್ನು ಹೋಗುತ್ತೆ" ಎನ್ನುತ್ತ ಎರಡೂ ಪಟ್ಟಿ ಬಿಗಿ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, "ಈಗ ಸರಿಯಾಯ್ತು" ಎಂದು ಹೊರಟೇಹೋಗುವ ಆ ಮನುಷ್ಯನೇ ಬ್ಯಾಗಾಚಾರ್ಯ. ನಿಮಗೆ ಆಗಲೇ ಐವತ್ತೆರಡು ಎಂದು ಹೇಳಲೂ ಪುರುಸೊತ್ತು ಕೊಡುವುದಿಲ್ಲ.

ಪ್ರತಿ ಆಫೀಸಿನಲ್ಲೂ ಇಂಥವರು ಒಬ್ಬರಿರುತ್ತಾರೆ. ಹಿಂದೆ ಕ್ಯಾಮೆರಾ ಪಂಡಿತರು ಇರುತ್ತಿದ್ದರು. ಮೊಬೈಲು ಬಂದು ಅವರ ಹೊಟ್ಟೆಯ ಮೇಲೆ ಹೊಡೆಯಿತು. ಬೈಕಿನ ಮೈಲೇಜು ಹೇಳುವವರು ಬೈಕು ಮಾರಿ ಕಾರಿನ ಕಂತು ಕಟ್ಟುವುದರಲ್ಲಿ ಮುಳುಗಿದರು. ಖಾಲಿಯಾದ ಪೀಠದಲ್ಲಿ ಈಗ ಬ್ಯಾಗಾಚಾರ್ಯರು ಕೂತಿದ್ದಾರೆ. ನಮ್ಮವರಿಗೆ ಮೂವತ್ತೈದರ ಆಸುಪಾಸು. ನಾನು ಬಹುವಚನ ಹಚ್ಚುತ್ತಿರುವುದು ವಿದ್ಯೆಗೆ.

ಯಾರಾದರೂ "ಮುಂದಿನ ವಾರ ಕುದುರೆಮುಖಕ್ಕೆ ಹೊರಟಿದೀವಿ" ಎಂದರೆ ನಾವು ನೀವು ಯಾರ್ಯಾರು, ಯಾವ ಬಸ್ಸು, ಎಲ್ಲಿ ಉಳ್ಕೊಳ್ತೀರಿ ಎಂದು ಕೇಳುತ್ತೇವೆ. ಆಚಾರ್ಯರದು ಒಂದೇ ಪ್ರಶ್ನೆ: "ಎಷ್ಟು ಲೀಟರ್?" ಮಗ ಫೋನಿನಲ್ಲಿ ಯಾರಿಗೋ "ಅರವತ್ತೈದು ಲೀಟರ್ ನಿನಗೆ ಜಾಸ್ತಿ ಕಣೋ, ತಡೆಯೋಕಾಗಲ್ಲ, ಮೂವತ್ತೈದರಲ್ಲಿ ಮುಗಿಸು" ಎಂದು ಬುದ್ಧಿ ಹೇಳುವುದು ಅವರ ತಾಯಿಯ ಕಿವಿಗೆ ಬಿತ್ತು. ಆಕೆ ಅವತ್ತೇ ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತರು. ವಿಷಯ ಏನೆಂದು ತಿಳಿದ ಮೇಲೂ ಹೊತ್ತ ಹರಕೆಯನ್ನು ಬಿಡುವ ಹಾಗಿಲ್ಲವಲ್ಲ. ಹೊರಡುವ ದಿನ ಆಚಾರ್ಯರು ತಾಯಿಯ ಗಂಟುಮೂಟೆ ನೋಡಿ, "ಒಂದೇ ದಿನ, ಊಟ ಅಲ್ಲೇ. ಇಪ್ಪತ್ತು ಲೀಟರ್ ಸಾಕಮ್ಮ" ಎಂದು ತೀರ್ಪು ಕೊಟ್ಟರಂತೆ.

ನಗಬಹುದು, ಆದರೆ ಅವರ ಲೆಕ್ಕ ಪಕ್ಕಾ. ಬೆಳಗ್ಗೆ ಹತ್ತಿ ಸಂಜೆ ಇಳಿಯುವವರಿಗೆ 20ರಿಂದ 25 ಲೀಟರ್. ಒಂದೆರಡು ರಾತ್ರಿ ಉಳಿಯುವುದಿದ್ದರೆ 30ರಿಂದ 40. ಡೇರೆ, ಸ್ಲೀಪಿಂಗ್ ಬ್ಯಾಗು, ಒಲೆ ಎಲ್ಲವನ್ನೂ ಬೆನ್ನ ಮೇಲೇ ಹೊತ್ತು ದಿನಗಟ್ಟಲೆ ಹಿಮಾಲಯ ಸುತ್ತುವವರಿಗೆ 50ರಿಂದ 65. ಅಂಗಡಿಗೆ ಹೋದವನ ಕಣ್ಣು ಮಾತ್ರ ಮೊದಲು ಹೋಗುವುದು ಆ 65ರ ಮೇಲೆ. ಹೇಗೂ ಕೊಳ್ಳುತ್ತಿದ್ದೇವೆ, ದೊಡ್ಡದೇ ಇರಲಿ ಎನ್ನುವುದು ನಮ್ಮ ರಕ್ತದಲ್ಲೇ ಇದೆ. ಇಲ್ಲೇ ಆಚಾರ್ಯರ ಮೊದಲನೇ ಸೂತ್ರ: ಜಾಗ ಇದ್ದರೆ ಸಾಮಾನು ತಾನಾಗಿ ಹುಟ್ಟಿಕೊಳ್ಳುತ್ತದೆ. ನಮ್ಮ ಆಫೀಸಿನ ಒಬ್ಬ ಹುಡುಗ ಮಾತು ಕೇಳದೆ ದೊಡ್ಡ ಬ್ಯಾಗೇ ಕೊಂಡು ಕುಮಾರ ಪರ್ವತಕ್ಕೆ ಹೋದ. ತುಂಬಿದ ಮೇಲೂ ಅರ್ಧ ಖಾಲಿ ಉಳಿಯಿತು. ಖಾಲಿ ಒಯ್ಯುವುದು ಶೋಭೆಯಲ್ಲವೆಂದು ಇಸ್ತ್ರಿ ಮಾಡಿದ ಎರಡು ಜೀನ್ಸು, ಒಂದು ಸ್ಪೀಕರು, ಅವರಮ್ಮ ಕೊಟ್ಟ ಚಕ್ಕುಲಿ ಡಬ್ಬ, ಮೇಲೆ ಒಂದು ಮೂಟೆ ಅವಲಕ್ಕಿ ಸೇರಿದವು. ಆ ಬೆಟ್ಟ 1,712 ಮೀಟರು. ಕುಕ್ಕೆ ಕಡೆಯಿಂದ ಹತ್ತುವುದೆಂದರೆ ಖಾಲಿ ಕೈಯವರೇ ಏದುಸಿರು ಬಿಡುತ್ತಾರೆ. "ದಾರೀಲಿ ಭಟ್ಟರ ಮನೇಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಗುತ್ತಲ್ಲಯ್ಯ, ಅವಲಕ್ಕಿ ಯಾರಿಗೆ ಒಯ್ದೆ? ಸುಬ್ರಹ್ಮಣ್ಯ ಕುಚೇಲನ ಫ್ರೆಂಡಾ?" ಎಂದು ಆಚಾರ್ಯರು ಸೋಮವಾರ ಕ್ಯಾಂಟೀನಿನಲ್ಲಿ ವಿಚಾರಣೆ ನಡೆಸಿದರು. ಹುಡುಗ ಹೆಗಲಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದ.

ಅದೇ ಕ್ಯಾಂಟೀನಿನಲ್ಲಿ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಆಚಾರ್ಯರು ಪ್ಯಾಂಟಿನ ಜೇಬಿನಿಂದ ದರ್ಜಿಯ ಟೇಪು ತೆಗೆದರು. "ತಲೆ ಬಗ್ಗಿಸು." ಹುಡುಗ ಬಗ್ಗಿಸಿದ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಉಬ್ಬಿಕೊಂಡಿರುವ ಮೂಳೆಯನ್ನು ಬೆರಳಲ್ಲಿ ಹುಡುಕಿ, "ಇದು ಕತ್ತಿನ ಏಳನೇ ಮೂಳೆ. ಟೇಪಿನ ತುದಿ ಇಲ್ಲಿ. ಈಗ ಎರಡೂ ಕೈ ಸೊಂಟದ ಮೇಲಿಟ್ಕೊ, ಅಮ್ಮಂದಿರು ಬಯ್ಯೋಕೆ ನಿಲ್ತಾರಲ್ಲ ಹಾಗೆ. ಹೆಬ್ಬೆರಳು ಹಿಂದಕ್ಕೆ ಬರಲಿ." ಎರಡು ಹೆಬ್ಬೆರಳುಗಳ ನಡುವೆ ಬೆನ್ನಿಗೆ ಅಡ್ಡಲಾಗಿ ಒಂದು ಗೆರೆ ಊಹಿಸಿಕೊಂಡು, ಅಲ್ಲಿಯವರೆಗೆ ಟೇಪು ಇಳಿಬಿಟ್ಟರು. "ನಲವತ್ತಾರು ಸೆಂಟಿಮೀಟರ್! ಆಳು ಆರಡಿ, ಬೆನ್ನು ಗಿಡ್ಡ. ನೀನು ಉದ್ದ ಇರೋದೆಲ್ಲ ಕಾಲಲ್ಲಿ. ನಿನ್ನ ಎತ್ತರ ನೋಡಿ ಅಂಗಡಿಯವನು ಲಾರ್ಜ್ ಕಟ್ಟಿದಾನೆ." ಎಚ್‌ಆರ್ ವಿಭಾಗದ ಹೆಣ್ಣುಮಗಳು ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದರು. ಇದನ್ನು ಯಾವ ಕಾಲಮ್ಮಿನಲ್ಲಿ ನಮೂದಿಸಬೇಕೆಂದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಬ್ಯಾಗು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಜೇಬು ಎಣಿಸುತ್ತೇವೆ, ನೀರಿನ ಬಾಟಲಿಗೆ ಜಾಗ ಇದೆಯೇ ಎಂದು ವಿಚಾರಿಸುತ್ತೇವೆ, ಆಮೇಲೆ ಆಫರು ಕೇಳುತ್ತೇವೆ. ಆಚಾರ್ಯರು ಜೇಬಿನ ಕಡೆ ತಿರುಗಿಯೂ ನೋಡುವುದಿಲ್ಲ. "ಭಾರ ಹೊರಬೇಕಾದ್ದು ಸೊಂಟ. ಹೆಗಲು ಬ್ಯಾಗು ಹಿಂದಕ್ಕೆ ಬೀಳದ ಹಾಗೆ ಹಿಡ್ಕೊಂಡರೆ ಸಾಕು" ಎನ್ನುತ್ತಾರೆ. ಆದ್ದರಿಂದ ಮೊದಲು ಸೊಂಟಪಟ್ಟಿ ನೋಡಬೇಕು: ದಪ್ಪಗೆ ಮೆತ್ತೆ ಇರಬೇಕು, ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲೆ ಅಲ್ಲ. ತೆಳ್ಳಗಿನ ಲಾಡಿಯಂಥ ಪಟ್ಟಿ ಇದ್ದರೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಪೈಜಾಮಕ್ಕೆ" ಎಂದು ಬಿಟ್ಟುಬಿಡುತ್ತಾರೆ.

ಖಾಲಿ ಬ್ಯಾಗನ್ನು ಬೆನ್ನಿಗೆ ಹಾಕಿ ಕನ್ನಡಿ ನೋಡಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಖಾಲಿ ಇದ್ದಾಗ ಯಾವ ಬ್ಯಾಗೂ ಹಿತವೇ. ಭಾರ ತುಂಬಿ, ಅಂಗಡಿಯೊಳಗೇ ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲು ಹತ್ತಿಳಿದ ಮೇಲೆ ಅದರ ಬಣ್ಣ ಬಯಲು. ಕೆಲವು ಅಂಗಡಿಗಳಲ್ಲಿ ಇದಕ್ಕೆಂದೇ ತೂಕದ ಚೀಲ ಇಟ್ಟಿರುತ್ತಾರೆ. ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಆಚಾರ್ಯರು ಮನೆಯಿಂದಲೇ ಐದೈದು ಕೆಜಿಯ ಎರಡು ಸೋನಾಮಸೂರಿ ಚೀಲ ಒಯ್ಯುತ್ತಾರೆ. ಒಮ್ಮೆ ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ.

"ಏನ್ ಸಾರ್ ಇದು?"

"ಅಕ್ಕಿ."

"ಒಳಗೆ ಅಕ್ಕಿ ಮಾರಲ್ಲ ಸಾರ್."

"ಗೊತ್ತಪ್ಪ, ತಂದಿದೀನಿ."

"ಒಳಗೆ ಅಕ್ಕಿ ತಗೊಳ್ಳೋದೂ ಇಲ್ಲ ಸಾರ್."

ಕೊನೆಗೆ ಮ್ಯಾನೇಜರು ಬಂದು, ಅಕ್ಕಿಗೆ ಸ್ಟಿಕ್ಕರು ಅಂಟಿಸಿ ಒಳಗೆ ಬಿಟ್ಟರು. ಒಂದು ಚೀಲ ಬೆನ್ನಿಗೆ ಒತ್ತಿ, ಭುಜದ ಎಲುಬುಗಳ ನಡುವೆ ಬರುವ ಹಾಗೆ ಇಡಬೇಕು. ಅದನ್ನೇ ಹೊರಗಿನ ಜೇಬಿಗೆ ಹಾಕಿದರೆ ಹತ್ತು ಕೆಜಿ ಹದಿನೈದರಂತೆ ಹಿಂದಕ್ಕೆ ಎಳೆಯುತ್ತದೆ. ಕೆಳಗೆ ಹಗುರವಾದ ಸ್ಲೀಪಿಂಗ್ ಬ್ಯಾಗು, ನಡುವೆ ಬೆನ್ನಿಗಂಟಿ ಭಾರದ ಸಾಮಾನು, ಮೇಲೆ ಥಟ್ಟನೆ ಬೇಕಾಗುವ ಜಾಕೆಟ್ಟು. ಇದನ್ನೆಲ್ಲ ಸೇಲ್ಸ್ ಹುಡುಗನಿಗೆ ಅವರೇ ಕಲಿಸಿದರು. ಅವನು ಈಗ ಗಿರಾಕಿಗಳಿಗೆ ಅದನ್ನೇ ಒಪ್ಪಿಸುತ್ತಾನಂತೆ, ಅಕ್ಕಿ ಸಮೇತ. "ಸಾರ್, ಹಾಗಾದ್ರೆ ಇದನ್ನ ಬಿಲ್ ಮಾಡ್ಲಾ?" ಎಂದು ಅವನು ಕೇಳಿದಾಗ ಆಚಾರ್ಯರು ನಿಜಕ್ಕೂ ಬೆಚ್ಚಿಬಿದ್ದರು. "ಛೆ ಛೆ, ಇನ್ನೂ ನೋಡ್ತಿದೀನಿ."

ನೋಡುವುದಕ್ಕೆ ಬೇಕಾದಷ್ಟಿದೆ. ಬಟ್ಟೆಯ ಡೆನಿಯರ್ ಎಷ್ಟು? (9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 210 ಎಂದರೆ ಹಗುರ, 1,000 ಎಂದರೆ ಗಟ್ಟಿ ಮತ್ತು ಭಾರ. ಎರಡೂ ಒಟ್ಟಿಗೆ ಸಿಗುವುದಿಲ್ಲ.) ಜಿಪ್ಪಿನ ಎಳೆಯುವ ತುಂಡಿನ ಮೇಲೆ ವೈಕೆಕೆ ಎಂದು ಬರೆದಿದೆಯೇ? ಅದು 1934ರಲ್ಲಿ ಶುರುವಾದ ಜಪಾನಿನ ಕಂಪನಿ, ಅದು ಕೈಕೊಡುವುದಿಲ್ಲ ಎಂಬುದು ಆಚಾರ್ಯರ ನಂಬಿಕೆ. ಪಕ್ಕದಲ್ಲಿ ಕುಳಿತ ಅಪರಿಚಿತರ ಬ್ಯಾಗಿನ ಜಿಪ್ಪನ್ನು ತಿರುಗಿಸಿ ಓದಲು ಹೋಗಿ ಒಮ್ಮೆ ಬಸ್ಸಿನಲ್ಲಿ ಬೈಸಿಕೊಂಡಿದ್ದಾರೆ. ಖಾಲಿ ಬ್ಯಾಗಿನ ತೂಕ ಎಷ್ಟು? ಇನ್ನೂರು ಗ್ರಾಂ ಹಗುರವೆಂದು ಎರಡು ಸಾವಿರ ಹೆಚ್ಚು ತೆತ್ತು ಬಂದ ದಿನ ಅವರ ಹೆಂಡತಿ, "ಬೆಳಗ್ಗೆ ಆ ಎರಡು ವಡೆ ಬಿಟ್ಟಿದ್ರೆ ಪುಕ್ಕಟೆ ಆಗ್ತಿತ್ತಲ್ರೀ" ಎಂದರು.

ಈ ಗೃಹಿಣಿಯ ಸಂಗತಿ ಸ್ವಲ್ಪ ಹೇಳಬೇಕು. ಆಚಾರ್ಯರಿಗೊಂದು ಸ್ಥಳಪುರಾಣವಿದೆ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಡಿಕ್ ಕೆಲ್ಟಿ ಎಂಬ ಬಡಗಿ ಇದ್ದ. ಅವನು 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ ಚೀಲ ಕಟ್ಟಿ, ಭಾರವನ್ನು ಸೊಂಟಕ್ಕೆ ಇಳಿಸಿ, ಮಾರಲು ಶುರುಮಾಡಿದ. ಚೌಕಟ್ಟು ಬಗ್ಗಿಸಿದವನು ಗಂಡ, ಮನೆಯಲ್ಲೇ ಕೂತು ಚೀಲ ಹೊಲಿದವಳು ಹೆಂಡತಿ ನೀನಾ. ಈ ಕಥೆಯನ್ನು ಆಚಾರ್ಯರು ಭಕ್ತಿಯಿಂದ ಹೇಳಿ ಮುಗಿಸಿದಾಗಲೆಲ್ಲ ಒಳಗಿನಿಂದ, "ನಾನು ಹೊಲಿಯಲ್ಲ" ಎಂದು ಒಂದು ದನಿ ಬರುತ್ತದೆ.

ಆಕೆಯ ಸಂಕಟಕ್ಕೆ ಕಾರಣ ಅಟ್ಟ. ಮದುವೆಯಲ್ಲಿ ಕೊಟ್ಟ ಸ್ಟೀಲು ಡಬ್ಬಿಗಳ ಹಾಗೆ ಅಲ್ಲಿ ಬ್ಯಾಗುಗಳು ಒಂದರೊಳಗೊಂದು ಕೂತಿವೆ. 65ರೊಳಗೆ 50, ಅದರೊಳಗೆ 40, ಅದರೊಳಗೆ 22, ಅದರೊಳಗೆ ಮಡಿಸಿ ಮುಷ್ಟಿಯಷ್ಟಾಗುವ ಒಂದು. ಎಲ್ಲಕ್ಕಿಂತ ಒಳಗಿನದರಲ್ಲಿ ಏನಿದೆಯೆಂದು ನೋಡಿದೆ: ಮಳೆಕವಚಗಳು. ಹಳೆಯ ಬ್ಯಾಗುಗಳ ಒಳಪದರ ನಮ್ಮ ತೇವಕ್ಕೆ ಅಂಟಂಟಾಗಿ, ಸಿಪ್ಪೆಯೇಳತೊಡಗಿದೆ. "ಬಿಸಾಕ್ರೀ" ಎಂದರೆ, "ಅದು ಸೊಂಟಪಟ್ಟಿ ಚೆನ್ನಾಗಿದೆ ಕಣೆ" ಎಂಬ ಉತ್ತರ.

ಮಳೆಕವಚ ಎಂದೆನಲ್ಲ, ಆ ವಿಷಯದಲ್ಲಿ ಮಾತ್ರ ನಾನು ಅವರ ಶಿಷ್ಯ. ಮಲೆನಾಡಿನ ಮಳೆ ಬ್ಯಾಗು ಮಾಡಿದವರ ಪರಿಚಯದ್ದಲ್ಲ. ಕವಚವು ಬ್ಯಾಗಿನ ಹೊರಮೈ ಮುಚ್ಚುತ್ತದೆ, ಬೆನ್ನಿಗೆ ತಾಗುವ ಕಡೆ ತೆರೆದೇ ಇರುತ್ತದೆ. ಆಷಾಢದಲ್ಲಿ ಕುದುರೆಮುಖ ಹತ್ತುವಾಗ ಕತ್ತಿನಿಂದ ಇಳಿದ ನೀರು ಬೆನ್ನಗುಂಟ ಹರಿದು ಅಲ್ಲಿಂದಲೇ ಒಳಗೆ ನುಗ್ಗುತ್ತದೆ, ಆಮೇಲೆ ಕವಚದ ತಳದಲ್ಲಿ ಕೆರೆ ಕಟ್ಟುತ್ತದೆ. ಆಚಾರ್ಯರ ಪರಿಹಾರಕ್ಕೆ ದುಡ್ಡೇ ಬೇಡ: ಗೊಬ್ಬರದ ಮೂಟೆಯೊಳಗೆ ಬರುವಂಥ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು, ಹೊಸದನ್ನು, ಬ್ಯಾಗಿನ ಒಳಗೆ ಹಾಸಿ, ಬಟ್ಟೆಯೆಲ್ಲ ಅದರಲ್ಲಿ ತುಂಬಿ, ಬಾಯಿ ತಿರುಚಿ ಮಡಿಸುವುದು. ಬ್ಯಾಗು ಹೊಳೆಗೆ ಬಿದ್ದರೂ ಒಳಗಿನ ಬನಿಯನ್ನು ಒಣಗಿರುತ್ತದೆ. ಇಂಬಳಗಳ ಬಗ್ಗೆ ಕೇಳಿದರೆ, "ಅದು ಬೇರೆ ಡಿಪಾರ್ಟ್‌ಮೆಂಟು" ಎನ್ನುತ್ತಾರೆ.

ವಿಮಾನದ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಏಳು ಕೆಜಿ, 55 ಸೆಂಟಿಮೀಟರ್ ಉದ್ದ, 35 ಅಗಲ, 25 ದಪ್ಪ ಎಂಬ ಮಂತ್ರ ಅವರಿಗೆ ಕಂಠಪಾಠ. ತೂಕ ಮುನ್ನೂರು ಗ್ರಾಂ ಹೆಚ್ಚಾದ ದಿನ ಮೂರು ಅಂಗಿ ಒಂದರ ಮೇಲೊಂದು ತೊಟ್ಟು ಮೇ ತಿಂಗಳಲ್ಲಿ ಚೆನ್ನೈಗೆ ಇಳಿದರು ಎನ್ನುವಷ್ಟು ಹೇಳಿದರೆ ಸಾಕು.

ಇಷ್ಟೆಲ್ಲ ವಿದ್ಯೆ ಸಾರ್ಥಕವಾದದ್ದು ತಿಪಟೂರಿನಲ್ಲಿ, ಅವರ ಚಿಕ್ಕಮ್ಮನ ಮಗಳ ಮದುವೆಯಲ್ಲಿ. ತಾಂಬೂಲದ ತೆಂಗಿನಕಾಯಿ ಹೊತ್ತ ಗೂಡ್ಸ್ ಆಟೋ ಜಾತ್ರೆಯ ಗದ್ದಲದಲ್ಲಿ ಸಿಕ್ಕಿ ಛತ್ರಕ್ಕೆ ಎರಡು ಬೀದಿ ಆಚೆ ನಿಂತುಬಿಟ್ಟಿತು. ಹುಡುಗರು ಗೋಣಿಚೀಲ ಎಳೆಯಲು ಹೊರಟರು. ಆಚಾರ್ಯರು ಕಾರಿನ ಡಿಕ್ಕಿ ತೆಗೆದು 65 ಲೀಟರಿನದನ್ನು ಹೊರಗೆಳೆದರು. ಅದು ಅಲ್ಲಿ ಯಾಕಿತ್ತು ಎಂದು ಯಾರೂ ಕೇಳಲಿಲ್ಲ. ಹೊರುವವರಾಗಿ ಸಿಕ್ಕವರು ಅಕ್ಕನ ಗಂಡ. ಭಾವನವರ ತೂಕ ಕೇಳಿದರು. ಎಂಬತ್ತು. "ದೇಹದ ತೂಕದ ಐದನೇ ಒಂದು ಪಾಲು ಅಂದ್ರೆ ಹದಿನಾರು ಕೆಜಿ. ಬ್ಯಾಗಿನದ್ದೇ ಎರಡು ಕಳೀರಿ. ಕಾಯಿಗೆ ಅರ್ಧ ಕೆಜಿ ಹಿಡಿದರೆ ಇಪ್ಪತ್ತೆಂಟು. ಅದರ ಮೇಲೆ ಒಂದೂ ಹಾಕಲ್ಲ ಭಾವ."

"ಮೂವತ್ತು ಹಾಕೋ, ಹೋಗ್ಲಿ."

"ಇಪ್ಪತ್ತೆಂಟು."

ಪಟ್ಟಿಗಳನ್ನೆಲ್ಲ ಸಡಿಲಿಸಿ ಬ್ಯಾಗು ಏರಿಸಿದರು. ಮೊದಲು ಸೊಂಟಪಟ್ಟಿ. ಸೊಂಟದ ಮೂಳೆಗಾಗಿ ಆಚಾರ್ಯರು ಭಾವನವರ ರೇಷ್ಮೆ ಪಂಚೆಯ ಸುತ್ತ ಬಹಳ ಹೊತ್ತು ತಡಕಾಡಿದರು. ಅದು ಹದಿನೈದು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. "ಭಾವ, ಉಸಿರು ಬಿಗಿ ಹಿಡೀಬೇಡಿ, ಆಮೇಲೆ ಬಿಡಲೇಬೇಕಾಗುತ್ತೆ." ಆಮೇಲೆ ಹೆಗಲ ಪಟ್ಟಿ, ಆಮೇಲೆ ಹೆಗಲ ಮೇಲಿನ ಪುಟ್ಟ ಪಟ್ಟಿಗಳು ನಲವತ್ತೈದು ಡಿಗ್ರಿಯಲ್ಲಿ, ಕೊನೆಗೆ ಎದೆಯ ಕೊಂಡಿ. ವಾಲಗದವರು ಊದುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಭಾವನವರು ಎರಡು ಹೆಜ್ಜೆ ಇಟ್ಟು ನಿಂತರು. ಮುಖದ ಮೇಲೆ ಅಚ್ಚರಿ. "ಏನೋ ಇದು, ಭಾರವೇ ಗೊತ್ತಾಗ್ತಿಲ್ಲ!" ಎಂದವರು ಛತ್ರದಲ್ಲಿ ಕಾಯಿ ಸುರಿದು ಮತ್ತೆ ಬಂದರು, ಮತ್ತೆ ಹೋದರು. ಊಟಕ್ಕೆ ಕೂರುವಾಗಷ್ಟೇ ಅಕ್ಕ ಗದರಿದ ಮೇಲೆ ಬ್ಯಾಗು ಬಿಚ್ಚಿಟ್ಟರು.

ಎಲೆಯ ಮುಂದೆ ಸೋದರಮಾವ ವಿಚಾರಿಸಿದರು. "ಎಷ್ಟಪ್ಪ ಕೊಟ್ಟೆ ಅದಕ್ಕೆ?"

ಆಚಾರ್ಯರು ಹೇಳಿದರು. ಮಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು.

"ಆ ದುಡ್ಡಿಗೆ ಇಲ್ಲಿ ಕೊಬ್ಬರಿ ಮಂಡೀಲಿ ಒಬ್ಬ ಹಮಾಲ ವಾರಗಟ್ಟಲೆ ಹೊರ್ತಾನಲ್ಲೋ! ಅದೂ ಸೊಂಟಪಟ್ಟಿ ಇಲ್ಲದೆ, ಬರೀ ಬೆನ್ನ ಮೇಲೆ."

ಆಚಾರ್ಯರ ಕೈ ಎಲೆಯ ಮೇಲೆ ನಿಂತಿತು. "ಬರೀ ಬೆನ್ನ ಮೇಲಾ? ಮಂಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ ಮಾವ?" ಎನ್ನುತ್ತ ಎಡಗೈಯಲ್ಲಿ ಜುಬ್ಬಾದ ಜೇಬು ಮುಟ್ಟಿ, ಟೇಪು ಇದೆಯೇ ಎಂದು ನೋಡಿಕೊಂಡರು.