ಉಳಿದ ದುಡ್ಡಿಗೆ ಬರುವವನು

ಬೆಂಗಳೂರಿನ ಎಸ್.ಪಿ. ರೋಡು. ಅಕ್ಕನ ಮಗ ಮೊದಲ ಗೇಮಿಂಗ್ ಪಿಸಿ ಜೋಡಿಸಿಕೊಳ್ಳುವ ಸಂಭ್ರಮದಲ್ಲಿದ್ದ; ಕೈಯಲ್ಲಿ ಚೀಟಿ, ಕಣ್ಣಲ್ಲಿ ಗ್ರಾಫಿಕ್ಸ್ ಕಾರ್ಡ್. ಅವನು ಚೌಕಾಸಿಗಿಳಿದಾಗ ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಪಕ್ಕದ ಶೆಲ್ಫಿನಿಂದ ಯಾರೋ ಕೆಮ್ಮಿದರು. ನೋಡಿದರೆ ಎಸ್‌ಎಂಪಿಎಸ್.

ನಾನು: ತಮ್ಮ ಕಸುಬು?

ಎಸ್‌ಎಂಪಿಎಸ್: ಗೋಡೆಯಿಂದ 230 ವೋಲ್ಟಿನ ಏಸಿ ಕರೆಂಟು ತಗೊಂಡು 12, 5, 3.3 ವೋಲ್ಟಿನ ಡಿಸಿ ಮಾಡಿ ಎಲ್ಲರಿಗೂ ಬಡಿಸೋದು. ಮದುವೆಮನೆ ಅಡುಗೆಭಟ್ಟ ಅನ್ಕೊಳ್ಳಿ. ಒಂದು ಫೋಟೋದಲ್ಲೂ ಇರಲ್ಲ. ಸಾರು ಹಳಸಿದ ದಿನ ಮಾತ್ರ ಬೀಗರೆಲ್ಲ ಹುಡುಕ್ಕೊಂಡು ಬರ್ತಾರೆ.

ನಾನು: ಹುಡುಗನ ಚೀಟಿಯಲ್ಲಿ ನಿಮ್ಮ ಹೆಸರೇ ಕಾಣಲಿಲ್ಲ.

ಎಸ್‌ಎಂಪಿಎಸ್: ಇದೆ ಸ್ವಾಮಿ. ಕೊನೇ ಸಾಲು, ‘ಇತರೆ’. ಮೌಸ್ ಪ್ಯಾಡ್ ಜೊತೆ. ಅದರ ಮೇಲಿನ ಸಾಲು ಓದಿ: ಬಣ್ಣದ ದೀಪದ ಫ್ಯಾನು ಆರು! ಗಣಪತಿ ಪೆಂಡಾಲಾ ಇದು?

ನಾನು: ಕ್ಯಾಬಿನೆಟ್ ತಗೊಂಡರೆ 450 ವ್ಯಾಟಿನ ಎಸ್‌ಎಂಪಿಎಸ್ ಫ್ರೀ ಅಂತಾರಲ್ಲ?

ಎಸ್‌ಎಂಪಿಎಸ್: ಪುಕ್ಕಟೆ ಸಿಗೋ ಭಟ್ಟನ ಕೈಲಿ ಐನೂರು ಎಲೆ ಊಟ ಹಾಕಿಸ್ತೀರಾ? ಡಬ್ಬದ ಮೇಲಿನ ದಪ್ಪ ಅಕ್ಷರ ಬಿಡಿ, ಪಕ್ಕದ ಚೀಟಿ ಓದಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣೋದು 12 ವೋಲ್ಟಿನ ಸಾಲಿನಿಂದ. ಅಲ್ಲಿ 18 ಆಂಪ್ ಅಂತಿದ್ದರೆ ಹನ್ನೆರಡು ಹದಿನೆಂಟಲಿ 216 ವ್ಯಾಟ್, ಅಷ್ಟೇ. ಮಿಕ್ಕಿದ್ದು ಬರೀ ಬಾಯಿಮಾತು. 550 ವ್ಯಾಟಿನ ಮರ್ಯಾದಸ್ಥ ಆದ್ರೆ ಅದೇ ಜಾಗದಲ್ಲಿ 45 ಆಂಪ್ ಆಸುಪಾಸು ಬರೆದಿರ್ತಾನೆ.

(ನಾನು ಎದ್ದುಹೋಗಿ ಫ್ರೀ ಡಬ್ಬವನ್ನು ಎತ್ತಿ ನೋಡಿದೆ. ತೆಂಗಿನ ಚಿಪ್ಪಿನಷ್ಟು ಹಗುರ.)

ನಾನು: ಹಾಗಾದರೆ 1000 ವ್ಯಾಟಿನದೇ ಇರಲಿ, ಗಟ್ಟಿ.

ಎಸ್‌ಎಂಪಿಎಸ್: ನೋಡಿ, ಈಗ ನೀವೂ ಹುಡುಗನ ಥರ ಆದ್ರಿ! ಅವನು ಬರ್ಕೊಂಡಿರೋದು ಆರ್‌ಟಿಎಕ್ಸ್ 4060 ಕಾರ್ಡು. 115 ವ್ಯಾಟಿನ ಮಿತಾಹಾರಿ. ರೈಜನ್ 5 7600 ಪ್ರೊಸೆಸರು, ಹೆಸರಿಗೆ 65, ಉಸಿರು ಕಟ್ಟಿ ಓಡಿದ್ರೆ 88. ಬೋರ್ಡು, ರ‍್ಯಾಮು, ಫ್ಯಾನು ಎಲ್ಲ ಸೇರಿದ್ರೂ 300 ದಾಟೋದು ಕಷ್ಟ. 550 ಧಾರಾಳ. ಆರ್‌ಟಿಎಕ್ಸ್ 4090 ಇದ್ದಿದ್ರೆ ಬೇರೆ ಮಾತು, ಅದೊಂದೇ 450 ನುಂಗುತ್ತೆ.

ನಾನು: ನಿಮ್ಮ ಮೈಮೇಲೆ ‘80 ಪ್ಲಸ್ ಗೋಲ್ಡ್’ ಅಂತಿದೆ. ಚಿನ್ನವೇ?

ಎಸ್‌ಎಂಪಿಎಸ್: ಉಜ್ಜಿ ನೋಡಬೇಡಿ, ತಗಡು. 2004ರಲ್ಲಿ ಶುರುವಾದ ಗುರುತು ಅದು. ಒಳಗೆ 300 ವ್ಯಾಟ್ ಕೊಡೋಕೆ ಗೋಡೆಯಿಂದ ಎಷ್ಟು ಎಳೀತೀನಿ ಅನ್ನೋದರ ಲೆಕ್ಕ. ನೂರಕ್ಕೆ ಎಂಬತ್ತು ಅಂದ್ರೆ 375 ಎಳೆದು, 75 ಬಿಸಿ ಮಾಡಿ ಊದಿಬಿಡೋದು. ಕಂಚು, ಬೆಳ್ಳಿ, ಚಿನ್ನ ಅಂತ ಮೇಲೇರಿದ ಹಾಗೆ ಪೋಲು ಕಮ್ಮಿ. ಆದ್ರೆ ಅದು ನನ್ನ ಗುಣಕ್ಕೆ ಸರ್ಟಿಫಿಕೇಟಲ್ಲ. ಶಾರ್ಟ್ ಆದಾಗ ತಾನೇ ಆರೋ ಬುದ್ಧಿ ಇದೆಯಾ, ವಾರಂಟಿ ಎಷ್ಟು ವರ್ಷ, ಅದನ್ನೂ ಕೇಳಿ.

ನಾನು: ಮಿಕ್ಕವರ ಬಗ್ಗೆ?

ಎಸ್‌ಎಂಪಿಎಸ್: ಚಾಡಿ ಹೇಳಲ್ಲ. ಆದ್ರೂ ಕೇಳಿದ್ರಲ್ಲ… ಆ ಪ್ರೊಸೆಸರು ಎಎಂ5 ಬೋರ್ಡಿನ ಸಂಬಂಧ. ಹಳೇ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ ತಂದು ಚುಚ್ಚಿದ್ರೆ ಗೋತ್ರ ಕೂಡಲ್ಲ. ಮನೇಲಿರೋ ಮಾನಿಟರು 60 ಹರ್ಟ್ಜ್ ಅಂತೆ. ಕಾರ್ಡು ಸೆಕೆಂಡಿಗೆ 120 ಚಿತ್ರ ಬಿಡಿಸಿದ್ರೂ ಅದು ತೋರಿಸೋದು ಅರವತ್ತೇ. ಇನ್ನು ಮನೆಗೆ ಹೋಗಿ ಮಾನಿಟರಿನ ಕೇಬಲ್ಲನ್ನ ಗ್ರಾಫಿಕ್ಸ್ ಕಾರ್ಡಿಗೆ ಬಿಟ್ಟು ಮದರ್‌ಬೋರ್ಡಿಗೆ ಸಿಕ್ಕಿಸಿ, ಗೇಮು ತೆವಳುತ್ತೆ ಅಂತ ಇಲ್ಲಿಗೇ ಜಗಳಕ್ಕೆ ಬರೋರಿದ್ದಾರೆ.

(ಆ ಪೈಕಿ ನಾನೂ ಒಬ್ಬ. ಬರೆದುಕೊಳ್ಳಲಿಲ್ಲ.)

ಅಷ್ಟರಲ್ಲಿ ಹುಡುಗ ಕೂಗಿದ: “ಮಾವ, ಎರಡು ಸಾವಿರ ಉಳೀತು. ಎಸ್‌ಎಂಪಿಎಸ್ ಯಾವುದಾದ್ರೂ ಸಾಕಲ್ವಾ?”

ಅರ್ಧ ಗಂಟೆ ವಾದ ನಡೆಯಿತು. ಆರು ಫ್ಯಾನು ಮೂರಾಯಿತು, ಮೌಸ್ ಪ್ಯಾಡ್ ಹೋಯಿತು, ಮಿಕ್ಕಿದ್ದು ನನ್ನ ಜೇಬಿನಿಂದ ಬಂತು. ಗಾಜಿನ ಕ್ಯಾಬಿನೆಟ್ಟನ್ನು ಮಾತ್ರ ಅವನು ಬಿಡಲಿಲ್ಲ. ಒಳಗಿರುವುದೆಲ್ಲ ಹೊರಗೆ ಕಾಣಬೇಕಂತೆ. ಎಸ್‌ಎಂಪಿಎಸ್ ಕೂರುವ ಕಡೆ ಮಾತ್ರ ಕಂಪನಿಯವರೇ ಅಡ್ಡಕ್ಕೆ ತಗಡು ಮುಚ್ಚಿದ್ದಾರೆ.