ಟೆಂಟ್ ಪಂಡಿತರು

ಹೊಸ ಅಗ್ರಹಾರದ ಟೀ ಅಂಗಡಿಯಲ್ಲಿ ಯಾರಾದರೂ ಮಳೆಯ ಮಾತೆತ್ತಿದರೆ ಭತ್ತದ ಮಡಿಯೋ ನಾಲೆಯ ನೀರೋ ನೆನಪಾಗುವುದು ವಾಡಿಕೆ. ನಮ್ಮ ಪಂಡಿತರಿಗೆ ನೆನಪಾಗುವುದು ಟೆಂಟಿನ ಬಟ್ಟೆ. “1,500 ಮಿಲಿಮೀಟರ್ ಇದ್ರೆ ಸಾಧಾರಣ ಮಳೆಗೆ ಸಾಕು. 3,000 ಇದ್ರೆ ಜಡಿಮಳೆಗೂ ಜಗ್ಗಲ್ಲ.” ಏನದು 3,000 ಎಂದು ಕೇಳಿದಿರೋ, ಕೆಟ್ಟಿರಿ. ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಜಿನುಗಬಾರದು, ಅದು ಲೆಕ್ಕ. “ಮೂರ್ ಮೀಟ್ರು ನೀರ್ ನಿಂತ್ರೆ ಟೆಂಟ್ ಯಾಕ್ ಸಾಮಿ, ತೆಪ್ಪ ತಗಳಿ” ಎಂದ ರೈತರೊಬ್ಬರ ಜೊತೆ ಪಂಡಿತರು ಎರಡು ದಿನ ಮಾತು ಬಿಟ್ಟಿದ್ದರು.

ಕೆಲಸ ಬೆಂಗಳೂರಿನ ಕಂಪನಿಯದು, ಕೂರುವುದು ಊರ ಮನೆಯ ಜಗಲಿಯಲ್ಲಿ. ಲ್ಯಾಪ್‌ಟಾಪಿನ ಅರ್ಧ ಪರದೆ ಮೀಟಿಂಗಿಗೆ, ಇನ್ನರ್ಧ ಟೆಂಟಿಗೆ. ತೂಕ, ಬೆಲೆ, ಕಂಬ, ಹೊಲಿಗೆ ಎಂದು ಅವರು ಹಾಕಿರುವ ಪಟ್ಟಿ ಜಾತಕಕ್ಕಿಂತ ಉದ್ದ. ಯಾವ ಟೆಂಟಿನದೂ ಕೂಡಿಬಂದಿಲ್ಲ. ಒಂದು ಹಗುರ, ಆದರೆ ಒಂದೇ ಪದರ: ರಾತ್ರಿ ನಾವು ಬಿಟ್ಟ ಉಸಿರೇ ಹನಿಯಾಗಿ ಬೆಳಗ್ಗೆ ಮೂಗಿನ ಮೇಲೆ ಬೀಳುತ್ತದೆ. ಇನ್ನೊಂದಕ್ಕೆ ಎರಡು ಪದರ, ಆದರೆ ಫೈಬರ್ ಕಂಬ, ಸೀಳಿದರೆ ಮುಗಿಯಿತು. ಅಲ್ಯುಮಿನಿಯಮ್ ಕಂಬ ಬಾಗಿದರೂ ನೆಟ್ಟಗೆ ಮಾಡಿಕೊಳ್ಳಬಹುದು, ಆದರೆ ಬೆಲೆ ಕೇಳಿದರೆ ನಾವೇ ಬಾಗುತ್ತೇವೆ. “ಇಬ್ಬರಿಗೆ ಅಂತ ಬರೆದಿದ್ರೆ ಇಬ್ಬರೇ, ಬ್ಯಾಗು ಆಚೆ. ಯಾವಾಗಲೂ ಒಬ್ಬರಿಗೆ ಹೆಚ್ಚಿನದು ತಗೋಬೇಕು” ಎನ್ನುವುದು ಅವರ ಮಹಾವಾಕ್ಯ.

ಹಿಮದಲ್ಲಿ ನಿಲ್ಲುವ ಟೆಂಟನ್ನೂ ಅವರು ಕೈಬಿಟ್ಟಿರಲಿಲ್ಲ. ಜನವರಿಯ ಮುಂಜಾನೆ ಹದಿನೈದು ಡಿಗ್ರಿಗಿಳಿದರೆ ಮಂಕಿ ಕ್ಯಾಪ್ ಹಾಕುವ ಊರಿಗೆ ಹಿಮವೆಲ್ಲಿಂದ ಎಂದರೆ, “ಹವಾಮಾನ ಬದಲಾಗ್ತಿದೆ ಕಣಪ್ಪಾ.”

ಜಾಗದ ವಿಚಾರದಲ್ಲೂ ಹಾಗೆಯೇ. ನಾಗರಹೊಳೆ ಎನ್ನುತ್ತಾರೆ, 1988ರಲ್ಲೇ ರಾಷ್ಟ್ರೀಯ ಉದ್ಯಾನವಾದ ಆ ಹುಲಿ ಕಾಡಿನೊಳಗೆ ನಮ್ಮಿಷ್ಟಕ್ಕೆ ಟೆಂಟು ಹೊಡೆಯುವಂತಿಲ್ಲ ಎಂದು ತಾವೇ ತೀರ್ಪು ಕೊಡುತ್ತಾರೆ. ಎಚ್.ಡಿ. ಕೋಟೆ ಕಡೆ ಹೊರಳಿ ಕಾಕನಕೋಟೆಯಲ್ಲಿ ಆನೆ ಹಿಡಿಯುತ್ತಿದ್ದ ಖೆಡ್ಡಾ ಕಾಲದ ಡೇರೆಗಳ ವೈಭವ ಬಣ್ಣಿಸುತ್ತಾರೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಪಂಡಿತರು ಆಗ ಹುಟ್ಟಿಯೇ ಇರಲಿಲ್ಲ. ಕಾವೇರಿ ದಡ ಹತ್ತಿರವೇ ಇದೆಯಲ್ಲಾ ಎಂದರೆ, ನದಿಯ ಪಾತ್ರದಲ್ಲಿ ಟೆಂಟು ಹಾಕಿದವನು ಮೂರ್ಖ, ಮರದ ಕೆಳಗೆ ಹಾಕಿದವನು ಇನ್ನೂ ಮೂರ್ಖ. ಹೀಗೆ ಭೂಮಂಡಲದಲ್ಲಿ ಉಳಿಯುವುದು ಅವರ ಜಗಲಿ ಒಂದೇ.

ಈ ಸಲ ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಬಂತು. ಅಲ್ಲಿ ಹಳ್ಳಿಕಾರ್ ಜೋಡಿಗಳಿಗೆ ಸೀರಿಯಲ್ ಸೆಟ್ ಹಾಕಿದ ಚಪ್ಪರ, ಯಜಮಾನರಿಗೆ ರೈತ ಸಂಪರ್ಕ ಕೇಂದ್ರದ ಸಬ್ಸಿಡಿ ಟಾರ್ಪಾಲು. ನಮ್ಮೂರ ಹುಡುಗರಿಬ್ಬರು ಪಂಡಿತರ ಮಾತಿನಂತೆ ಮೂರು ಜನರ, ಎರಡು ಪದರದ ಟೆಂಟು ಕೊಂಡು, ದಿಬ್ಬ ನೋಡಿ, ಗಾಳಿಗೆ ಬೆನ್ನು ಮಾಡಿ ಹಾಕಿದರು. ಇಬ್ಬನಿ ಸುರಿದರೂ ಬೆಚ್ಚಗೆ ಮಲಗಿದರು. ಸುದ್ದಿ ಹಬ್ಬಿತು. ಪಿರಿಯಾಪಟ್ಟಣದ ನೆಂಟರು, ಹುಣಸೂರಿನ ಕಾಲೇಜು ಹುಡುಗರು ಎಲ್ಲರೂ ಈಗ ಸಲಹೆಗೆ ಜಗಲಿಗೇ ಬರುತ್ತಾರೆ. ಕೊಂಡವರಲ್ಲಿ ಒಬ್ಬರೂ ನೆನೆದಿಲ್ಲ.

ಪಂಡಿತರು ಮಾತ್ರ ಇನ್ನೂ ಕೊಂಡಿಲ್ಲ. ಇಷ್ಟು ಉಪಕಾರ ಮಾಡಿದವರಿಗೆ ಚಂದಾ ಎತ್ತಿ ಒಂದು ಟೆಂಟು ಉಡುಗೊರೆ ಕೊಡೋಣವೇ ಎಂದು ಟೀ ಅಂಗಡಿಯಲ್ಲಿ ಪ್ರಸ್ತಾಪವಾಯಿತು. ತೆಪ್ಪದ ರೈತರು ತಕ್ಷಣ ತಡೆದರು:

“ಸುಮ್ನಿರ್ರಪ್ಪಾ. ಇರೋ ಒಂದ್ ಟೆಂಟ್‌ಗೇ ಅಂಟ್ಕಂಡು ಅದ್ನೇ ಹೊಗಳ್ತಾ ಕೂತ್ರೆ, ನಿಮಗೆ ನಿಜ ಹೇಳೋರ್ ಯಾರು?”