ನೆಲ ಡೊಂಕು: ಅಥೆನ್ಸಿನ ಒಂದು ಮೇಜಿನೊಂದಿಗೆ ಸಂದರ್ಶನ

ಟವೆರ್ನಾ ಎಂಬ ಊಟದ ಹೋಟೆಲಿನ ಮೇಜು ಗ್ರೀಸಿನಲ್ಲಿ ಎಲ್ಲೆಡೆ ಕಾಣಸಿಗುವ ಚೌಕಾಕಾರದ, ನಾಲ್ಕು ಕಾಲಿನ ಬೀದಿವಾಸಿ. ಅಥೆನ್ಸಿನಲ್ಲಿ ಅದರ ನೆಲೆ ಫುಟ್‌ಪಾತು, ಪಾದಚಾರಿ ಬೀದಿ, ಮೆಟ್ಟಿಲುಸಾಲು. ದ್ವೀಪಗಳಲ್ಲಿ ಸಮುದ್ರದ ಅಂಚು. ಮೈಮೇಲೆ ಕಾಗದದ ಹಾಸು, ಅದು ಗಾಳಿಗೆ ಹಾರದಂತೆ ಕ್ಲಿಪ್ಪು ಅಥವಾ ರಬ್ಬರ್ ಪಟ್ಟಿ. ಸುತ್ತ ಹುಲ್ಲು ಹೆಣೆದ ಸೀಟಿನ ಮರದ ಕುರ್ಚಿಗಳು, ಕೆಳಗೆ ಬೆಕ್ಕು. ಇಲ್ಲಿ ಮಾತಿಗೆ ಸಿಕ್ಕಿರುವುದು ಅಕ್ರೊಪೊಲಿಸ್ ಗುಡ್ಡದ ದಕ್ಷಿಣಕ್ಕಿರುವ ಕೂಕಾಕಿ ಬಡಾವಣೆಯ ಒಂದು ಮೇಜು. ಮಾಲೀಕರ ಹೆಸರು ಎತ್ತಬಾರದೆಂಬ ಷರತ್ತಿನ ಮೇಲೆ ಅದು ಒಪ್ಪಿಕೊಂಡಿತು. ಫುಟ್‌ಪಾತಿನ ಜಗಳವೇನೆಂದು ಓದುಗರಿಗೆ ವಿವರಿಸಬೇಕಿಲ್ಲ. ಬೆಂಗಳೂರಿನವರಿಗಂತೂ ಬೇಕೇ ಇಲ್ಲ.

ಮೊದಲ ಪ್ರಶ್ನೆ ನೇರವಾಗಿತ್ತು: ಈ ಫುಟ್‌ಪಾತು ಯಾರದು? ಮೇಜು ಉತ್ತರಿಸಿದ್ದು ತನ್ನ ಕಾಲಿನ ಬಗ್ಗೆ. “ಆ ಹಿಂದಿನ ಎಡಗಾಲು ನೋಡಿ. ಅದರಡಿ ನಾಲ್ಕು ಮಡಿಕೆ ಹಾಕಿದ ನ್ಯಾಪ್‌ಕಿನ್ ತುರುಕಿದ್ದಾರೆ. ನಿನ್ನೆ ಬಿಯರ್ ಗ್ಲಾಸಿನ ಕೆಳಗಿಡುವ ರಟ್ಟು ಇತ್ತು. ಬಂದವರೆಲ್ಲ ನನ್ನನ್ನು ಅಲುಗಾಡುವ ಮೇಜು ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಿಮ್ಮ ಕಡೆ ನಗುತ್ತೀರಲ್ಲ, ಇಲ್ಲಿ ನೆಲ ನಿಜವಾಗಿಯೂ ಡೊಂಕು!”

ಈ ದೂರಿಗೆ ಗಣಿತದ ಬೆಂಬಲವಿದೆ. ನೆಲ ಉಬ್ಬುತಗ್ಗಾಗಿದ್ದರೂ ತೀರ ಕಡಿದಾಗಿರದಿದ್ದರೆ, ನಡುವೆ ಮೆಟ್ಟಿಲಿನಂಥ ಏರುಪೇರು ಇಲ್ಲದಿದ್ದರೆ, ಸಮನಾದ ಕಾಲುಗಳ ಚೌಕ ಮೇಜನ್ನು ಇದ್ದಲ್ಲೇ ತಿರುಗಿಸುತ್ತ ಹೋಗಬಹುದು. ಕಾಲು ಸುತ್ತಿನೊಳಗೆ ನಾಲ್ಕೂ ಕಾಲು ಊರುವ ಒಂದು ಭಂಗಿ ಸಿಕ್ಕೇ ಸಿಗುತ್ತದೆ. ಇದು ಸಾಬೀತಾಗಿರುವ ಪ್ರಮೇಯ. ಮೂರು ಕಾಲು ಯಾವಾಗಲೂ ಊರಬಲ್ಲವು. ಅವನ್ನು ನೆಲಕ್ಕೇ ಒತ್ತಿಹಿಡಿದು ತಿರುಗಿಸಿದರೆ, ಮೊದಲು ಗಾಳಿಯಲ್ಲಿದ್ದ ನಾಲ್ಕನೆಯದು ಕೊನೆಗೆ ನೆಲದೊಳಗೆ ಹೂತುಹೋಗಬೇಕಾಗುತ್ತದೆ. ಮೇಲಿನಿಂದ ಒಳಕ್ಕಿಳಿಯುವ ಕಾಲು ನಡುವೆ ಎಲ್ಲೋ ಒಂದೆಡೆ ನೆಲವನ್ನು ಮುಟ್ಟಲೇಬೇಕು. ಯೂಕ್ಲಿಡನ ಭಾಷೆಯಾಡುವ ನಾಡಿನಲ್ಲಿ ಇದೊಂದು ಯಾವ ವೇಟರನಿಗೂ ಗೊತ್ತಿಲ್ಲವೆಂಬುದೇ ಮೇಜಿನ ಮುಖ್ಯ ಸಂಕಟ; ಅದನ್ನು ಅದು ಬಲು ಸಾವಧಾನವಾಗಿ, ಎರಡೆರಡು ಸಲ ಹೇಳಿತು. ಹೇಳದೆ ಬಿಟ್ಟದ್ದು ಒಂದಿದೆ. 70 ಸೆಂ.ಮೀ. ಮೇಜನ್ನು 45 ಡಿಗ್ರಿ ತಿರುಗಿಸಿದರೆ ಅದು ಹಿಡಿಯುವ ಅಗಲ ಸುಮಾರು 99 ಸೆಂ.ಮೀ. ಆಗುತ್ತದೆ. ಮೇಜಿನ ಕಾಲು ಊರಿದಂತೆಲ್ಲ ದಾರಿಹೋಕರ ಕಾಲಿಗೆ ಜಾಗ ಕಡಿಮೆ. ಇದನ್ನು ಎತ್ತಿ ತೋರಿಸಿದಾಗ ಬಂದ ಉತ್ತರ: “ಅದು ಕರ್ಣದ ತಪ್ಪು, ನನ್ನದಲ್ಲ.”

ಎರಡನೆಯ ಪ್ರಶ್ನೆ ಪರವಾನಗಿಯದಾಗಬೇಕಿತ್ತು. ಆದರೆ ಸಂದರ್ಶಕರು ಚಿಕ್ಕಮಗಳೂರು ಕಡೆಯವರು. ಊಟಕ್ಕೆ ಮುಂಚೆ ಒಂದು ಲೋಟ ಕಾಫಿ ಸಿಗುವುದೇ ಎಂದು ವಿಚಾರಿಸಿ, ಸಾಂಪ್ರದಾಯಿಕ ಟವೆರ್ನಾಗಳಲ್ಲಿ ಕಾಫಿಯ ಪದ್ಧತಿ ಅಷ್ಟಾಗಿಲ್ಲ, ಅದಕ್ಕೆ ಕಾಫಿಅಂಗಡಿಯೇ ಬೇರೆ ಎಂದು ತಿಳಿದು, ಅಲ್ಲಿಂದ ಮುಂದೆ ಫ್ರಾಪೆಯ ವಿಚಾರಣೆಗಿಳಿದರು. 1957ರ ಥೆಸಲೋನಿಕಿ ಮೇಳದಲ್ಲಿ ಬಿಸಿನೀರು ಸಿಗದೆ, ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿನಲ್ಲಿ ಹಾಕಿ ಗಡಗಡ ಕುಲುಕಿದ ಪಾನೀಯವನ್ನು ಒಂದು ದೇಶ ಅರ್ಧ ಶತಮಾನ ತಲೆಯ ಮೇಲೆ ಹೊತ್ತು ತಿರುಗಿದ್ದು ಹೇಗೆ? ಡಿಕಾಕ್ಷನ್ ಎಂಬುದೊಂದಿದೆ ಎಂದು ಯಾರೂ ಹೇಳಲಿಲ್ಲವೇ? ಮೇಜು ತನಗೆ ಸಂಬಂಧವಿಲ್ಲವೆಂದಿತು. ಹಾಗೆ ಅನ್ನುವುದು ಅದರ ಅಭ್ಯಾಸ.

ಉದಾಹರಣೆಗೆ ಊಟ. ಗ್ರೀಕ್ ಟವೆರ್ನಾದಲ್ಲಿ ತಟ್ಟೆಗಳು ನಡುವೆ ಬಂದು ಕೂರುತ್ತವೆ, ಸುತ್ತ ಕೂತವರು ಹಂಚಿಕೊಂಡು ತಿನ್ನುತ್ತಾರೆ. ಸೊಪ್ಪು ಬೇಯಿಸಿ ಎಣ್ಣೆ, ನಿಂಬೆರಸ ಹಾಕಿದ್ದು, ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಬೀನ್ಸು, ಆಲಿವ್ ಎಣ್ಣೆಯಲ್ಲಿ ಬೆಂದ ಬೆಂಡೆಕಾಯಿ, ಸೌತೆಕಾಯಿ ಬೆಳ್ಳುಳ್ಳಿ ಸೇರಿಸಿದ ಗಟ್ಟಿ ಮೊಸರು: ಸಸ್ಯಾಹಾರಿ ಕನ್ನಡಿಗರು ಹಸಿದು ಏಳುವ ಭಯವಿಲ್ಲ. ದ್ರಾಕ್ಷಾರಸವನ್ನು ಕಿಲೋ ಲೆಕ್ಕದಲ್ಲಿ ಕೇಳಿದರೆ ಯಾರೂ ನಗುವುದಿಲ್ಲ. ಹಳ್ಳಿಯ ಸಾಲಡ್ಡಿನಲ್ಲಿ ಟೊಮೆಟೊ, ಸೌತೆ, ಈರುಳ್ಳಿ, ಆಲಿವ್. ಮೇಲೆ ಫೆಟಾ ಚೀಸಿನ ದಪ್ಪ ಹೋಳು. ಈ ಚೀಸಿಗೆ 2002ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ರಕ್ಷಣೆ ಸಿಕ್ಕಿತು. ಜರ್ಮನಿ, ಡೆನ್ಮಾರ್ಕ್ ತಕರಾರು ತೆಗೆದವು. 2005ರಲ್ಲಿ ಒಕ್ಕೂಟದ ನ್ಯಾಯಾಲಯ ಗ್ರೀಸಿನ ಪರ ನಿಂತಿತು. 2022ರಲ್ಲಿ ಡೆನ್ಮಾರ್ಕಿಗೆ ಮತ್ತೊಮ್ಮೆ ಛೀಮಾರಿ. ಕನಿಷ್ಠ 70% ಕುರಿಯ ಹಾಲು, ಉಳಿದದ್ದು ಮೇಕೆಯದು, ಅದೂ ನಿಗದಿತ ಪ್ರದೇಶದ್ದು. ಒಂದು ಹೋಳು ಚೀಸಿನ ಎಲ್ಲೆ ಕಾಯಲು ಲಕ್ಸೆಂಬರ್ಗಿನಲ್ಲಿ ನ್ಯಾಯಮೂರ್ತಿಗಳು ಕೂತಿದ್ದಾರೆ. ಅದನ್ನು ಹೊತ್ತ ಮೇಜಿನ ಎಲ್ಲೆ ಕಾಯುವವರು ಯಾರು? ಫೆಟಾ ಬಗ್ಗೆ ಮೇಜಿನ ಅಭಿಪ್ರಾಯ ಒಂದೇ: ಹೋಳನ್ನು ಒಂದು ಪಕ್ಕಕ್ಕೆ ಇಡುತ್ತಾರೆ, ಆಗ ಎಡಗಾಲು ಇನ್ನಷ್ಟು ಏಳುತ್ತದೆ.

ಪರವಾನಗಿಯ ವಿಷಯ ಕೊನೆಗೂ ಬಂತು. ಸಾರ್ವಜನಿಕ ಜಾಗದಲ್ಲಿ ಮೇಜು ಕುರ್ಚಿ ಹಾಕಲು ಪುರಸಭೆಗೆ ಚದರ ಮೀಟರ್ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಕೋವಿಡ್ ಬೀಗ ತೆರೆದು 2020ರ ಮೇ 25ರಂದು ಹೋಟೆಲುಗಳು ಮತ್ತೆ ಶುರುವಾದದ್ದು ಹೊರಾಂಗಣದಲ್ಲೇ. ಮೇಜುಗಳ ನಡುವೆ ಅಂತರವಿರಲೆಂದು ಹೆಚ್ಚಿನ ಜಾಗ ಬಳಸಲು ಆಗ ಸರಕಾರವೇ ಸಡಿಲ ಬಿಟ್ಟಿತು. ಕಾಯಿಲೆ ಇಳಿಯಿತು. ಮೇಜು ಹಿಂದೆ ಸರಿಯಿತೇ ಎಂದು ಕೇಳಿದ್ದಕ್ಕೆ ಅದು ಬಿಸಿಲು ಕಾಯಲು ಮಲಗುವ ಸನ್‌ಬೆಡ್ಡುಗಳತ್ತ ಬೆರಳು ತೋರಿತು. 2023ರಲ್ಲಿ ಪಾರೋಸ್ ದ್ವೀಪದ ಜನ ಟವೆಲು ಹಿಡಿದು ಪ್ರತಿಭಟನೆಗಿಳಿದದ್ದು ಕಡಲತೀರ ನುಂಗಿದ ಸನ್‌ಬೆಡ್ಡುಗಳ ವಿರುದ್ಧ, ಮೇಜಿನ ವಿರುದ್ಧವಲ್ಲ. ಮರುವರ್ಷ ಕಾನೂನು ಬಂದು, ಅಕ್ರಮದ ಬಗ್ಗೆ ದೂರು ಕೊಡಲು ಆ್ಯಪ್ ಬಂದದ್ದೂ ಅವುಗಳಿಗೇ. “ಮಲಗಿಸಿಕೊಳ್ಳುವವರನ್ನು ಕೇಳಿ. ನಾನು ಬರೀ ಊಟ ಹಾಕುವವ.”

ವೇಟರುಗಳ ಪ್ರಸ್ತಾಪಕ್ಕೂ ಇದೇ ಗತಿ. ವರ್ಷಕ್ಕೆ 37 ದಿನದವರೆಗೆ ಒಬ್ಬನೇ ಮಾಲೀಕನ ಬಳಿ ದಿನಕ್ಕೆ 13 ಗಂಟೆ ದುಡಿಸಲು ಅವಕಾಶ ಕೊಡುವ ಕಾನೂನನ್ನು ಗ್ರೀಕ್ ಸಂಸತ್ತು 2025ರ ಅಕ್ಟೋಬರಿನಲ್ಲಿ ಒಪ್ಪಿತು. ಅದೇ ತಿಂಗಳು ಅದರ ವಿರುದ್ಧ ಎರಡು ಸಲ ಸಾರ್ವತ್ರಿಕ ಮುಷ್ಕರವಾಯಿತು. “ಹದಿಮೂರು ಗಂಟೆಯೇ? ನಾನು ದಿನವಿಡೀ ಅಲುಗಾಡುತ್ತೇನೆ” ಎಂದಿತು ಮೇಜು. ಇಲ್ಲಿ ಸಂದರ್ಶಕರು ಅಷ್ಟು ಹೊತ್ತು ನಿಂತು ಕೆಲಸ ಮಾಡುವವನಿಗೆ ಒಳ್ಳೆಯ ಕಾಫಿಯಾದರೂ ಬೇಡವೇ ಎಂದು ಮಧ್ಯೆ ಬಾಯಿ ಹಾಕಿದ್ದು ದಾಖಲೆಗೆ ಮಾತ್ರ.

ಕುರ್ಚಿಯೊಂದನ್ನು ಪಕ್ಕಕ್ಕೆ ಎಳೆದಾಗ ಕೆಳಗೆ ಹಳದಿ ಪಟ್ಟಿ ಕಂಡಿತು. ಕಣ್ಣು ಕಾಣದವರು ಬಿಳಿಕೋಲಿನ ತುದಿಯಿಂದ, ಪಾದದಿಂದ ತಡವಿ ದಾರಿ ಹಿಡಿಯಲೆಂದು ಫುಟ್‌ಪಾತಿನಲ್ಲಿ ಹಾಸಿರುವ ಗೀರುಗಲ್ಲಿನ ಸಾಲು ಅದು. ಅಥೆನ್ಸಿನ ಎಷ್ಟೋ ಕಡೆ ಈ ಸಾಲು ಒಂದು ಮೇಜಿನ ಕಾಲಿಗೆ, ಇಲ್ಲವೇ ನಿಂತ ಬೈಕಿಗೆ ಹೋಗಿ ಮುಟ್ಟುತ್ತದೆ. ಇದರಲ್ಲಿ ತಮಾಷೆ ಏನೂ ಇಲ್ಲ. ಕೋಲು ಕುರ್ಚಿಗೆ ತಗುಲಿದವರು ಕಾರುಗಳು ಓಡುವ ರಸ್ತೆಗಿಳಿಯಬೇಕು, ಅಲ್ಲಿ ಅವರಿಗೆ ಹಳದಿ ಪಟ್ಟಿಯಿಲ್ಲ. ಗಾಲಿಕುರ್ಚಿಯವರಿಗೆ ಇಳಿಯುವುದಕ್ಕೂ ಆಗದು. ಇದು 2004ರಲ್ಲಿ ಪ್ಯಾರಾಲಿಂಪಿಕ್ಸ್ ನಡೆಸಿದ ನಗರ. ಪಟ್ಟಿ ಹಾಸುವುದೂ ಮೇಜಿಗೆ ಪರವಾನಗಿ ಬರೆಯುವುದೂ ಆಡಳಿತವೇ. ನಿಯಮ, ದಂಡ ಎರಡೂ ಪುಸ್ತಕದಲ್ಲಿವೆ. ಇಷ್ಟಾದರೂ ಸಂಜೆಯಾಗುತ್ತಲೇ ಪಟ್ಟಿಯ ಮೇಲೆ ಕುರ್ಚಿ ಬಂದು ಕೂರುತ್ತದೆ, ಅದರ ಮೇಲೆ ಕೂತವರಿಗೆ ತಾವು ಯಾರ ದಾರಿಯ ಮೇಲೆ ಕೂತಿದ್ದೇವೆಂಬುದು ಗೊತ್ತೂ ಆಗುವುದಿಲ್ಲ. ಗೊತ್ತಾದವರೂ ಏಳುವುದಿಲ್ಲ. ಕಣ್ಣಿದ್ದವರ ಒಂದು ಲೋಟ ಊಜೋ ಮದ್ಯಕ್ಕಿಂತ ಕಣ್ಣಿಲ್ಲದವರ ಜೀವ ಅಗ್ಗವೆಂದು ಒಂದು ಊರು ದಿನಾ ಸಂಜೆ ತೀರ್ಮಾನಿಸುವುದಾದರೆ ಅದನ್ನು ಆತಿಥ್ಯ ಎನ್ನಬಾರದು. ಮೇಜು ಈ ಪಟ್ಟಿಯ ಬಗ್ಗೆಯೂ ಮಾತಾಡಿತು: ಗೀರು ಇರುವುದರಿಂದ ಕಾಲು ಸರಿಯಾಗಿ ಊರುವುದಿಲ್ಲವಂತೆ.

ಉಳಿದದ್ದು ಬಿಲ್ಲು. ಟವೆರ್ನಾಗಳಲ್ಲಿ ರಸೀತಿಯನ್ನು ಸುರುಳಿ ಸುತ್ತಿ ಪುಟ್ಟ ಗ್ಲಾಸಿನಲ್ಲಿ ಇಡುವ ರೂಢಿಯಿದೆ. ಕೇಳದಿದ್ದರೂ ಬರುವ ಬ್ರೆಡ್ಡಿಗೆ ಬೇರೆ ಲೆಕ್ಕ. ಊಟಕ್ಕೆ 13% ತೆರಿಗೆ, ಮದ್ಯಕ್ಕೆ 24%. ರಸೀತಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲ ಎಂಬ ಕಾನೂನನ್ನು ಗ್ರೀಕ್, ಇಂಗ್ಲಿಷ್ ಎರಡರಲ್ಲೂ ಮೆನುವಿನ ಮೇಲೆ ಅಚ್ಚು ಹಾಕಿರುತ್ತಾರೆ. ನಡೆಯುವವರ ಹಕ್ಕನ್ನು ಆ ಮೆನುವಿನಲ್ಲಿ ಯಾವ ಭಾಷೆಯಲ್ಲೂ ಬರೆದಿಲ್ಲ. ಕೊನೆಗೆ, ಮಾಲೀಕರ ಲೆಕ್ಕದಲ್ಲಿ, ಒಂದು ತುಂಡು ಸಿಹಿ ಬಿಟ್ಟಿಯಾಗಿ ಬಂತು.

ಎಂಟು ಜನರ ಗುಂಪೊಂದು ಬಂದದ್ದರಿಂದ ಮೇಜನ್ನು ಎಳೆದು ಪಕ್ಕದ ಮೇಜಿಗೆ ಜೋಡಿಸಲಾಯಿತು. ಜೋಡಿಮೇಜಿನ ತುದಿ ಫುಟ್‌ಪಾತಿನ ಅಂಚಿಗೆ ಬಂತು. ಸಂದರ್ಶಕರು ರಸ್ತೆಗಿಳಿದು, ಕಾಫಿಯ ಕುರಿತು ಉಳಿದಿದ್ದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡರು.